ಟವರ್ ದೂರವಾದರೆ ಫೋನ್ ಜೋರು

ಆರ್.ಟಿ. ನಗರದ ಓದುಗರೊಬ್ಬರು ಬರೆದಿದ್ದಾರೆ: ‘ಎದುರುಮನೆ ತಾರಸಿಯ ಮೇಲೆ ಮೊಬೈಲ್ ಟವರ್ ಬಂದಾಗಿನಿಂದ ನನಗೆ ತಲೆನೋವು, ರಾತ್ರಿ ನಿದ್ದೆಯಿಲ್ಲ. ಫೋನ್ ಹಿಡಿದರೆ ಕಿವಿ ಉರಿಯುತ್ತದೆ. ಬೀದಿಯವರೆಲ್ಲ ಸೇರಿ ಟವರ್ ತೆಗೆಸಲು ಅರ್ಜಿ ಹಾಕುತ್ತಿದ್ದೇವೆ. ಸರಿ ತಾನೇ?’

ತಲೆನೋವಿನ ವಿಚಾರ ಆಮೇಲೆ. ಮೊದಲು ಅರ್ಜಿಯದು. ನೀವು ಫೋನ್ ಬಳಸುವುದನ್ನು ಬಿಡದೆ ಟವರನ್ನು ಮಾತ್ರ ಓಡಿಸಿದರೆ ನಿಮ್ಮ ತಲೆಗೆ ತಾಗುವ ವಿಕಿರಣ ಹೆಚ್ಚುವ ಸಾಧ್ಯತೆಯೇ ಜಾಸ್ತಿ!

ಫೋನೂ ಒಂದು ಪುಟಾಣಿ ಪ್ರಸಾರ ಕೇಂದ್ರ ಎಂಬುದನ್ನು ನಾವು ಮರೆಯುತ್ತೇವೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಪಕ್ಕದವನೊಡನೆ ಪಿಸುಮಾತಿನಲ್ಲೇ ದರ ಕುದುರಿಸಬಹುದು, ಆಚೆ ತುದಿಯ ಲಾರಿಯವನನ್ನು ಕರೆಯಲು ಗಂಟಲು ಹರಿಯಬೇಕು. ಫೋನಿನದೂ ಅದೇ ಪಾಡು. ಟವರ್ ಸದಾ ಅದರ ದನಿಯನ್ನು ಅಳೆದು ‘ಇಳಿಸು’, ‘ಏರಿಸು’ ಎನ್ನುತ್ತಿರುತ್ತದೆ. 2ಜಿಯಲ್ಲಿ ಈ ಅಪ್ಪಣೆ ಸೆಕೆಂಡಿಗೆ ಸುಮಾರು ಎರಡು ಸಲ. 3ಜಿಯಲ್ಲಿ 1500 ಸಲ! ನೀವು ‘ಹಲೋ’ ಅನ್ನುವಷ್ಟರಲ್ಲಿ ಇಬ್ಬರ ನಡುವೆ ನೂರಾರು ಬಾರಿ ಚೌಕಾಸಿ ಮುಗಿದಿರುತ್ತದೆ. 4ಜಿ ಫೋನಿನ ಗರಿಷ್ಠ ಶಕ್ತಿ ಸುಮಾರು 0.2 ವಾಟ್. ಸಿಗ್ನಲ್ ಸೊಗಸಾಗಿದ್ದರೆ ಅದು ಇದರ ಹತ್ತು ಲಕ್ಷದಲ್ಲೊಂದು ಪಾಲಿಗೂ ಕೆಳಗೆ ಇಳಿಯಬಲ್ಲದು. ಬ್ಯಾಟರಿ ಉಳಿಸಲೆಂದು ಮಾಡಿದ ಈ ಏರ್ಪಾಡು ನಮ್ಮ ತಲೆಯನ್ನೂ ಕಾಯುತ್ತದೆ. ಹೆಬ್ಬಾಳದ ಯಾವುದೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಹಿಡಿದು ಮಾತಾಡುವಾಗ ಮಾತ್ರ ಫೋನ್ ಕಿವಿಯ ಪಕ್ಕದಲ್ಲೇ ಅರಚುತ್ತಿರುತ್ತದೆ.

ಇನ್ನು ದೂರದ ಲೆಕ್ಕ. ಅಂತರ ಎರಡು ಪಟ್ಟಾದರೆ ತೀವ್ರತೆ ನಾಲ್ಕನೇ ಒಂದು ಪಾಲು. ಹಾಗಾಗಿ ಕಿವಿಗೊತ್ತಿದ ಪುಟ್ಟ ಫೋನಿನ ಮುಂದೆ ದೂರದ ದೊಡ್ಡ ಪ್ರೇಷಕವೂ ನಮ್ಮ ತಲೆಗೆ ಸಣ್ಣದಾಗಬಹುದು. ಯಲಹಂಕದ ಬಳಿ ಆಕಾಶವಾಣಿ 1990ರ ದಶಕದಲ್ಲಿ ತಲಾ 500 ಕಿಲೋವಾಟ್‌ನ ಶಾರ್ಟ್‌ವೇವ್ ಪ್ರೇಷಕಗಳನ್ನು ಸ್ಥಾಪಿಸಿತು. ಒಂದೊಂದೂ ಇಪ್ಪತ್ತೈದು ಲಕ್ಷ ಫೋನುಗಳಿಗೆ ಸಮ. ಅದಕ್ಕೆ ಹೆದರಿ ಯಲಹಂಕದಲ್ಲಿ ಯಾರೂ ಮನೆ ಮಾರಿದ್ದನ್ನು ನಾನಂತೂ ಕೇಳಿಲ್ಲ.

ಹಾಗಾದರೆ ತಲೆನೋವು ಸುಳ್ಳೇ? ಖಂಡಿತ ಅಲ್ಲ. ವಿದ್ಯುತ್ ಉಪಕರಣಗಳ ಬಳಿ ಮೈಗೆ ಆಗುವುದಿಲ್ಲ ಎನ್ನುವ ‘ವಿದ್ಯುತ್ ಸಂವೇದನೆ’ ಉಳ್ಳವರ ನೋವು ನಿಜ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2005ರಲ್ಲಿ ಹೇಳಿದೆ; ವಿಕಿರಣವೇ ಕಾರಣ ಎನ್ನಲು ಆಧಾರವಿಲ್ಲ ಎಂದೂ ಹೇಳಿದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಇಂಥ 60 ಮಂದಿಯನ್ನೂ ಬೇರೆ 60 ಮಂದಿಯನ್ನೂ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಗ್ನಲ್ ಯಾವಾಗ ನಿಜ, ಯಾವಾಗ ಹುಸಿ ಎಂಬುದು ಕೂತವರಿಗೆ ಗೊತ್ತಿರಲಿಲ್ಲ. ಹುಸಿ ಸಿಗ್ನಲ್‌ಗೂ ತಲೆ ಅಷ್ಟೇ ನೋಯಿತು. ಕೆಡುಕಾಗುತ್ತದೆಂಬ ಅಂಜಿಕೆಯೇ ಮೈಯನ್ನು ನೋಯಿಸಬಲ್ಲದು.

ಈ ಅಂಜಿಕೆಯನ್ನೇ ಬಂಡವಾಳ ಮಾಡಿಕೊಂಡವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 2020ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರೇ ಸಗಣಿಯ ‘ಚಿಪ್’ ತೋರಿಸಿ, ಇದು ಫೋನಿನ ವಿಕಿರಣ ತಗ್ಗಿಸುತ್ತದೆ ಎಂದರು. ನೂರಾರು ವಿಜ್ಞಾನಿಗಳು ಪುರಾವೆ ಕೇಳಿದರು. ಫೋನಿನ ಬೆನ್ನಿಗೆ ಅಂಟಿಸುವ ಹೊಳೆಯುವ ಸ್ಟಿಕ್ಕರುಗಳೂ ಇದೇ ಜಾತಿಯವು. ಅವು ನಿಜಕ್ಕೂ ಅಲೆಗಳನ್ನು ತಡೆದರೆ ಫೋನ್ ಇನ್ನೂ ಜೋರಾಗಿ ಕೂಗುತ್ತದೆ, ಅಷ್ಟೆ.

ಆದರೂ ಮನಸ್ಸಿಗೆ ಸಮಾಧಾನ ಬೇಕೆನ್ನುವವರಿಗೆ ಖರ್ಚಿಲ್ಲದ ದಾರಿಗಳಿವೆ. ವೈರಿನ ಇಯರ್‌ಫೋನ್ ಅಥವಾ ಸ್ಪೀಕರ್ ಹಾಕಿ, ಫೋನನ್ನು ತಲೆಯಿಂದ ಒಂದು ಗೇಣು ದೂರವಿಡಿ. ಲಿಫ್ಟಿನಲ್ಲಿ, ನೆಲಮಾಳಿಗೆಯಲ್ಲಿ ಹರಟೆ ಬೇಡ. ರಾತ್ರಿ ಫ್ಲೈಟ್ ಮೋಡ್‌ನಲ್ಲಿಡಿ. *#07# ಒತ್ತಿದರೆ ನಿಮ್ಮ ಹ್ಯಾಂಡ್‌ಸೆಟ್ಟಿನ ‘ಸಾರ್’ ಮೌಲ್ಯ, ಅಂದರೆ ಮೈ ಹೀರಿಕೊಳ್ಳುವ ವಿಕಿರಣದ ಅಳತೆ, ಕಾಣುತ್ತದೆ. 2012ರಿಂದ ನಮ್ಮಲ್ಲಿ ಅದು ಕಿಲೋಗೆ 1.6 ವಾಟ್ ಮೀರುವಂತಿಲ್ಲ. ಟವರ್ ಮಿತಿಯನ್ನೂ ಆ ವರ್ಷವೇ ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದಕ್ಕೆ ಇಳಿಸಲಾಯಿತು. ಅನುಮಾನ ಉಳಿದರೆ ದೂರಸಂಪರ್ಕ ಇಲಾಖೆ 2017ರಲ್ಲಿ ತೆರೆದ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ನಿಮ್ಮ ಜಾಗದ ವಿಕಿರಣವನ್ನು ಅಳೆಸಬಹುದು. ಅದಕ್ಕೂ ಮುಂಚೆ ವೈದ್ಯರ ಬಳಿ ಹೋಗಿ ರಕ್ತದೊತ್ತಡ, ಕಣ್ಣು ಎರಡನ್ನೂ ತೋರಿಸಿಕೊಳ್ಳಿ.