ಜನಾಂಗವು ವಿಗ್ರಹವಾದಾಗ: ಜರ್ಮನ್ ರಾಷ್ಟ್ರೀಯವಾದದ ಬೇರುಗಳು

ಕನ್ನಡ ಶಬ್ದಗಳ ಅರ್ಥವನ್ನು ಅರಸುವವರು ಇಂದಿಗೂ ಫರ್ಡಿನಂಡ್ ಕಿಟ್ಟೆಲ್ ಅವರ ನಿಘಂಟನ್ನು ತೆರೆಯುತ್ತಾರೆ. 1853ರಲ್ಲಿ ಭಾರತಕ್ಕೆ ಬಂದ ಬಾಸೆಲ್ ಮಿಷನ್ನಿನ ಈ ಜರ್ಮನ್ ಪಾದ್ರಿಯ ದಶಕಗಳ ದುಡಿಮೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅವರಿಗಿಂತ ಮುಂಚೆ ಬಂದಿದ್ದ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಆರಂಭಿಸಿದರು, ದಾಸರ ಪದಗಳನ್ನೂ ಮುದ್ರಿಸಿದರು. ಅನ್ಯರ ನುಡಿಯನ್ನು ಇಷ್ಟು ಗೌರವಿಸಿದವರನ್ನು ಕಳುಹಿಸಿದ ನಾಡಿನಲ್ಲಿಯೇ ಮುಂದೆ ಜನಾಂಗವು ದೇವರ ಸ್ಥಾನವನ್ನೇರಿತು. ಇದು ಹೇಗಾಯಿತೆಂಬುದು ಇತಿಹಾಸದ ಪ್ರಶ್ನೆ ಮಾತ್ರವಲ್ಲ, ದೈವಶಾಸ್ತ್ರದ ಪ್ರಶ್ನೆಯೂ ಹೌದು.

ಈ ವಿಚಾರಧಾರೆಯ ಮೂಲದಲ್ಲಿ ಒಬ್ಬ ಲೂಥರನ್ ಪಾದ್ರಿ ನಿಂತಿದ್ದಾರೆ. ಯೊಹಾನ್ ಗಾಟ್‌ಫ್ರೀಡ್ ಹರ್ಡರ್ (1744–1803) ಅವರ ಪ್ರಕಾರ ಪ್ರತಿಯೊಂದು ಜನಸಮುದಾಯದ ಅಂತಃಸತ್ತ್ವವು ಅದರ ಭಾಷೆಯಲ್ಲಿಯೂ ಜನಪದ ಗೀತೆಗಳಲ್ಲಿಯೂ ಪ್ರಕಟವಾಗುತ್ತದೆ. ಆದರೆ ಅವರು ಯಾವ ಜನವನ್ನೂ ಇತರರ ಒಡೆಯರನ್ನಾಗಿ ಕೂರಿಸಲಿಲ್ಲ. ವಸಾಹತು ದಬ್ಬಾಳಿಕೆಯನ್ನು ಖಂಡಿಸಿದರು. ಹಲವು ಜನರ ಗೀತೆಗಳು ಅವರ ಸಂಗ್ರಹದಲ್ಲಿ ಸಮಾನ ಗೌರವ ಪಡೆದವು.

ಸೋಲು ಈ ವಿಚಾರದ ದಿಕ್ಕನ್ನು ಬದಲಿಸಿತು. 1806ರಲ್ಲಿ ನೆಪೋಲಿಯನ್ ಪ್ರಷ್ಯಾವನ್ನು ಮಣಿಸಿದನು. ಫ್ರೆಂಚ್ ಸೇನೆಯಿದ್ದ ಬರ್ಲಿನ್ನಿನಲ್ಲಿ, 1807–08ರ ಚಳಿಗಾಲದಲ್ಲಿ, ತತ್ತ್ವಜ್ಞಾನಿ ಫಿಖ್ಟೆ ಜರ್ಮನ್ ರಾಷ್ಟ್ರವನ್ನು ಕುರಿತು ಉಪನ್ಯಾಸಗಳನ್ನು ನೀಡಿದರು: ಜರ್ಮನರು ತಮ್ಮ ಮೂಲ ನುಡಿಯನ್ನು ಉಳಿಸಿಕೊಂಡ ಆದಿಜನ, ಮಾನವಕುಲದ ಭವಿಷ್ಯಕ್ಕೆ ಅವರೇ ಹೊಣೆಗಾರರು. ಇಲ್ಲಿ ಭಾಷೆಯ ವೈಶಿಷ್ಟ್ಯವು ಶ್ರೇಷ್ಠತೆಯಾಯಿತು. 1817ರಲ್ಲಿ ಧರ್ಮಸುಧಾರಣೆಯ ಮುನ್ನೂರನೆಯ ವರ್ಷವನ್ನು ವಾರ್ಟ್‌ಬುರ್ಗ್ ಕೋಟೆಯಲ್ಲಿ ಆಚರಿಸಿದ ವಿದ್ಯಾರ್ಥಿಗಳು, ಈ ಉನ್ಮಾದವನ್ನು ಟೀಕಿಸಿದ್ದ ಯೆಹೂದ್ಯ ಲೇಖಕ ಸೌಲ್ ಆಷರ್ ಅವರ ಪುಸ್ತಕವನ್ನೂ ಸುಡಬೇಕಾದವುಗಳ ಸಾಲಿಗೆ ಸೇರಿಸಿದರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾಷೆಯ ಸ್ಥಾನಕ್ಕೆ ರಕ್ತ ಬಂದಿತು. ಈ ಬದಲಾವಣೆ ಅತ್ಯಂತ ಗಂಭೀರವಾದುದು. ಏಕೆಂದರೆ ಭಾಷೆಯನ್ನು ಯಾರೂ ಕಲಿಯಬಹುದು, ರಕ್ತವನ್ನು ಕಲಿಯಲಾಗದು. ಬರ್ಲಿನ್ನಿನ ಆಸ್ಥಾನ ಬೋಧಕ ಅಡಾಲ್ಫ್ ಸ್ಟೋಕರ್ ಯೆಹೂದ್ಯದ್ವೇಷವನ್ನು ರಾಜಕೀಯ ವೇದಿಕೆಗೆ ತಂದರು. ಮುಂದೆ ಪೌಲ್ ಆಲ್ಟ್‌ಹೌಸ್‌ರಂತಹ ದೈವಶಾಸ್ತ್ರಜ್ಞರು ಜನಾಂಗವನ್ನು ದೇವರ ಸೃಷ್ಟಿಕ್ರಮವೆಂದು ವಿವರಿಸಿದರು. ಕಥೋಲಿಕರೂ ನಿರ್ದೋಷಿಗಳಲ್ಲ; ಕಾರ್ಲ್ ಆಡಮ್ 1933ರಲ್ಲಿ ಹೊಸ ಆಡಳಿತವನ್ನು ಸ್ವಾಗತಿಸಿದರು. ಅದೇ ವರ್ಷ ಪ್ರಷ್ಯಾದ ಪ್ರೊಟೆಸ್ಟಂಟ್ ಸಭೆ ಯೆಹೂದ್ಯ ಮೂಲದವರನ್ನು ಸಭಾಸೇವೆಯಿಂದ ಹೊರಗಿಡುವ ನಿಯಮವನ್ನು ಅಂಗೀಕರಿಸಿತು. ದೀಕ್ಷಾಸ್ನಾನಕ್ಕಿಂತ ವಂಶಾವಳಿ ದೊಡ್ಡದಾಯಿತು.

ಪ್ರತಿರೋಧವೂ ಸಭೆಯೊಳಗಿಂದಲೇ ಹುಟ್ಟಿತು. 1934ರ ಬಾರ್ಮೆನ್ ಘೋಷಣೆಯು ಕ್ರಿಸ್ತರ ಹೊರತು ದೈವಪ್ರಕಟನೆಯ ಬೇರೊಂದು ಮೂಲವನ್ನು ಸಭೆ ಒಪ್ಪಲಾಗದೆಂದಿತು. 1937ರ ಗರಿಗಳ ಭಾನುವಾರದಂದು ಹನ್ನೊಂದನೆಯ ಭಕ್ತಿನಾಥರ (ಪಿಯುಸ್) ವಿಶ್ವಪತ್ರವನ್ನು ಜರ್ಮನಿಯ ದೇವಾಲಯಗಳಲ್ಲಿ ಓದಲಾಯಿತು. ಜನಾಂಗ, ರಾಷ್ಟ್ರಗಳಿಗೆ ಅವುಗಳ ಯೋಗ್ಯ ಸ್ಥಾನವಿದೆ. ಅವನ್ನು ಪರಮ ಮೌಲ್ಯವಾಗಿಸುವುದು ವಿಗ್ರಹಾರಾಧನೆ ಎಂಬುದು ಅದರ ತಿರುಳು. ಅದನ್ನು ಲತೀನಿನಲ್ಲಲ್ಲ, ಜರ್ಮನ್ ಭಾಷೆಯಲ್ಲಿಯೇ ಬರೆಯಲಾಗಿತ್ತು.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಬಲಿಪೂಜೆಯ ಭಾಷೆ, ಜಾತಿ, ಊರುಗಳ ಹೆಸರಿನಲ್ಲಿ ಗುಂಪುಗಳು ಏಳುತ್ತವೆ. ತಾಯ್ನುಡಿಯ ಪ್ರೀತಿ ಪಾಪವಲ್ಲ. ಪಂಚಾಶತ್ತಮ ದಿನದಂದು ಪವಿತ್ರಾತ್ಮರು ಯಾವ ನುಡಿಯನ್ನೂ ಅಳಿಸಲಿಲ್ಲ. ಆದರೆ ಪೂಜಾಪೀಠದ ಮುಂದೆ ನಿಂತವನನ್ನು ಅವನ ಹುಟ್ಟಿನಿಂದ ಅಳೆಯುವ ಕ್ಷಣದಲ್ಲಿ ದೀಕ್ಷಾಸ್ನಾನವನ್ನು ನಿರಾಕರಿಸಿದಂತಾಗುತ್ತದೆ. ಆ ಕ್ಷಣವನ್ನು ಗುರುತಿಸುವುದು ಗುರುಗಳಾದ ನಮ್ಮ ಮೊದಲ ಹೊಣೆ.