ಹೆದರಿದ್ದು ಮಗು, ಚಿಕಿತ್ಸೆ ಅಪ್ಪ-ಅಮ್ಮನಿಗೆ

ಮಗುವಿಗೆ ವಿಪರೀತ ಆತಂಕ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮಕ್ಕಳ ಅಧ್ಯಯನ ಕೇಂದ್ರಕ್ಕೆ ಬರುವ ಪೋಷಕರಿಗೆ ಅಲ್ಲಿ ಅವರು ಎಣಿಸಿರದ ಪ್ರಶ್ನೆಯೊಂದು ಎದುರಾಗುತ್ತದೆ. ಮಗುವಿನ ಭಯದ ದೆಸೆಯಿಂದ ಬೆಳಗಿನಿಂದ ರಾತ್ರಿಯವರೆಗೆ ನೀವು ಏನೇನು ಮಾಡುತ್ತೀರಿ? ಏನೇನು ಮಾಡುವುದನ್ನು ಬಿಟ್ಟಿದ್ದೀರಿ? ಮೊದಲಿಗೆ ಉತ್ತರ ಹೊಳೆಯುವುದಿಲ್ಲ. ಆಮೇಲೆ ಒಂದೊಂದಾಗಿ ನೆನಪಾಗುತ್ತದೆ. ಮಗಳು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತಿರುತ್ತೇವೆ. ಯಾರಾದರೂ ಮಗನ ಹೆಸರು ಕೇಳಿದರೆ ನಾವೇ ಹೇಳಿಬಿಡುತ್ತೇವೆ. ನಾಯಿ ಇದೆಯೆಂದು ನೆಂಟರೊಬ್ಬರ ಮನೆಗೆ ಹೋಗುವುದನ್ನೇ ಬಿಟ್ಟಿದ್ದೇವೆ. ಗಂಡ ಹೆಂಡತಿ ಇಬ್ಬರೇ ಹೊರಗೆ ಹೋದ ನೆನಪಿಲ್ಲ. ಮಲಗುವ ಮುನ್ನ ‘ನಾಳೆ ಏನೂ ಆಗಲ್ಲ’ ಎಂದು ಅವಳು ಕೇಳಿದಷ್ಟು ಸಲವೂ ಹೇಳುತ್ತೇವೆ.

ಈ ಪಟ್ಟಿಯೇ ಚಿಕಿತ್ಸೆಗೆ ಬಂಡವಾಳ. ಮನಶ್ಶಾಸ್ತ್ರಜ್ಞ ಎಲಿ ಲೆಬೊವಿಟ್ಜ್ ಅಲ್ಲಿ ರೂಪಿಸಿದ ಈ ವಿಧಾನದ ಹೆಸರು ‘ಸ್ಪೇಸ್’. ಇದರಲ್ಲಿ ಚಿಕಿತ್ಸಕರು ಭೇಟಿಯಾಗುವುದು ಪೋಷಕರನ್ನು ಮಾತ್ರ. ಮಗು ಒಂದು ಸಲವೂ ಆ ಕೋಣೆಗೆ ಕಾಲಿಡಬೇಕಿಲ್ಲ.

ಇದೆಂಥ ತಮಾಷೆ ಎನ್ನುವ ಮೊದಲು ಆತಂಕ ಹೇಗೆ ಬೆಳೆಯುತ್ತದೆ ಎಂದು ನೋಡಬೇಕು. ಮಕ್ಕಳು ಹೆದರುವುದು ಸಹಜ. ಒಂದು ವರ್ಷದ ಕೂಸು ಅಪರಿಚಿತರನ್ನು ಕಂಡರೆ ಅಳುತ್ತದೆ, ಐದರ ಪೋರನಿಗೆ ಕತ್ತಲೆಂದರೆ ಭಯ, ಹದಿಮೂರರವರಿಗೆ ನಾಲ್ಕು ಜನ ನಕ್ಕಾರೆಂಬ ಅಳುಕು. ಇವೆಲ್ಲ ಬಂದು ಹೋಗುವಂಥವು. ಹೋಗದೆ ಉಳಿದು, ಶಾಲೆ, ನಿದ್ದೆ, ಗೆಳೆತನಗಳನ್ನು ಕೆಡಿಸತೊಡಗಿದರೆ ಆಗ ಅದು ಕಾಯಿಲೆ. ಹಾಗೆ ಉಳಿಯಲು ಮುಖ್ಯ ಕಾರಣ, ತಪ್ಪಿಸಿಕೊಳ್ಳುವಿಕೆ. ಮಗು ಹೆದರಿದ ಜಾಗದಿಂದ ದೂರ ಸರಿದ ಕ್ಷಣವೇ ಎದೆಬಡಿತ ಇಳಿಯುತ್ತದೆ, ಹೊಟ್ಟೆಯ ತಳಮಳ ನಿಲ್ಲುತ್ತದೆ. ಆ ನಿರಾಳವೇ ಬಹುಮಾನವಾಗಿ, ಮಿದುಳು ‘ತಪ್ಪಿಸಿಕೊಂಡಿದ್ದಕ್ಕೇ ಬದುಕಿದೆ’ ಎಂಬ ಪಾಠ ಕಲಿಯುತ್ತದೆ. ಅಲ್ಲೇ ನಿಂತಿದ್ದರೂ ಏನೂ ಆಗುತ್ತಿರಲಿಲ್ಲ ಎಂಬ ಪಾಠ ಕಲಿಯಲು ಅವಕಾಶವೇ ಸಿಗುವುದಿಲ್ಲ. ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದಂತೆ, ಇವತ್ತಿನ ಸಮಾಧಾನ ನಾಳೆಯ ಭಯವನ್ನು ಹೆಚ್ಚಿಸುತ್ತಲೇ ಹೋಗುತ್ತದೆ. ಮಗು ಹೀಗೆ ತಪ್ಪಿಸಿಕೊಳ್ಳಲು ನೆರವಾಗುವುದು ಅಪ್ಪ ಅಮ್ಮನ ಆ ಪಟ್ಟಿಯಲ್ಲಿರುವ ಕೆಲಸಗಳೇ.

ಮಕ್ಕಳ ಭಯವನ್ನು ಬಿಡಿಸಬಹುದೆಂದು ತೋರಿಸಿ ನೂರು ವರ್ಷ ಕಳೆದಿದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞೆ, ಮೊಲ ಕಂಡರೆ ಚೀರುತ್ತಿದ್ದ, ಇನ್ನೂ ಮೂರು ತುಂಬದ ಪೀಟರ್ ಎಂಬ ಹುಡುಗನ ಕಥೆ ಪ್ರಕಟಿಸಿದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ಕೋಣೆಯ ಆಚೆ ತುದಿಯಲ್ಲಿ ಇಡುವುದು, ದಿನದಿನಕ್ಕೆ ಒಂದಿಷ್ಟು ಹತ್ತಿರ ತರುವುದು, ಇದೇ ಮುಖ್ಯ ಉಪಾಯ. ಕೊನೆಗೆ ಪೀಟರ್ ಮೊಲಕ್ಕೆ ತನ್ನ ಬೆರಳು ಮೆಲ್ಲಲು ಬಿಡುವಷ್ಟಾದ. ಇವತ್ತಿನ ಚಿಕಿತ್ಸೆಗಳ ಬೇರು ಇಲ್ಲಿದೆ. ಆದರೆ ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ನಡುವೆ ಬರುವ ಒಂದು ಪ್ರಸಂಗ. ಜ್ವರ ಬಂದು ಪೀಟರ್ ಆಸ್ಪತ್ರೆ ಸೇರಿದ್ದ. ವಾಸಿಯಾಗಿ ನರ್ಸ್ ಜೊತೆ ಟ್ಯಾಕ್ಸಿ ಹತ್ತುವಾಗ ದೊಡ್ಡ ನಾಯಿಯೊಂದು ಮೈಮೇಲೆ ಹಾರಿತು. ಹುಡುಗ ಬೆಚ್ಚಿದ, ನರ್ಸ್ ಕೂಡ ಬೆಚ್ಚಿಬಿದ್ದರು. ಅಲ್ಲಿಯವರೆಗೆ ಕಲಿತದ್ದೆಲ್ಲ ಹೋಗಿ ಭಯ ಮತ್ತೆ ಮೊದಲಿನ ಮಟ್ಟಕ್ಕೆ ಬಂತು. ನಾಯಿಯಷ್ಟೇ ಅಲ್ಲ, ಜೊತೆಗಿದ್ದ ದೊಡ್ಡವರು ಹೆದರಿದ್ದೂ ಇದಕ್ಕೆ ಕಾರಣವೆಂದು ಜೋನ್ಸ್ ಆಗಲೇ ಬರೆದಿದ್ದಾರೆ.

ಮಕ್ಕಳು ದೊಡ್ಡವರ ಮುಖ ಓದುತ್ತಾರೆ. 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಗೆರುಲ್ ಮತ್ತು ರೇಪೀ, ಒಂದೂವರೆ ವರ್ಷದ ಆಸುಪಾಸಿನ ಮಕ್ಕಳ ಮುಂದೆ ರಬ್ಬರ್ ಹಾವು, ರಬ್ಬರ್ ಜೇಡ ಇಟ್ಟು ನೋಡಿದರು. ಅಮ್ಮ ಒಮ್ಮೆ ಮುಖ ಸಿಂಡರಿಸಿದ್ದರೆ ಸಾಕು, ಆಮೇಲೆ ಅವಳು ಸುಮ್ಮನಿದ್ದರೂ ಮಗು ಆ ಆಟಿಕೆಯಿಂದ ದೂರ ಉಳಿಯುತ್ತಿತ್ತು. ಹಾಗೆಂದು ಆತಂಕವೆಲ್ಲ ಅಪ್ಪ ಅಮ್ಮನ ತಪ್ಪು ಎಂದು ತೀರ್ಮಾನಿಸಿದರೆ ಅದು ವಿಜ್ಞಾನವಾಗುವುದಿಲ್ಲ. ಆನುವಂಶಿಕತೆಯ ಪಾಲಿದೆ, ಹುಟ್ಟು ಸ್ವಭಾವದ ಪಾಲಿದೆ, ಆಕಸ್ಮಿಕಗಳ ಪಾಲೂ ಇದೆ. ತಾಯಂದಿರನ್ನು ಕಟಕಟೆಯಲ್ಲಿ ನಿಲ್ಲಿಸುವ ಚಾಳಿ ಮನೋವೈದ್ಯಶಾಸ್ತ್ರಕ್ಕೆ ಹಿಂದೆ ಇತ್ತು. ಆಟಿಸಂಗೆ ‘ತಣ್ಣನೆಯ ತಾಯಂದಿರು’ ಕಾರಣ ಎಂಬ ಸುಳ್ಳು ಕಳೆದ ಶತಮಾನದ ನಡುಭಾಗದಲ್ಲಿ ಎಷ್ಟು ಮನೆಗಳನ್ನು ಸುಟ್ಟಿತೆಂಬುದು ಗೊತ್ತಿರುವ ಕಥೆ. ಕಾಯಿಲೆ ತಂದವರು ಯಾರು ಎಂಬುದು ಒಂದು ಪ್ರಶ್ನೆ, ಅದನ್ನು ಇಳಿಸಲು ಯಾರ ಕೈಲಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಲೆಬೊವಿಟ್ಜ್ ಹಿಡಿದದ್ದು ಎರಡನೆಯದನ್ನು.

ಅದಕ್ಕೆ ಮುಂಚೆ ದಶಕಗಳ ಕಾಲ ಚಿಕಿತ್ಸೆ ನಡೆದದ್ದು ಮಗುವಿನ ಜೊತೆ. ಅರಿವು-ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿಯಲ್ಲಿ ಚಿಕಿತ್ಸಕರು ಮಗುವಿಗೆ ತನ್ನ ಭಯದ ಯೋಚನೆಗಳನ್ನು ಗುರುತಿಸಲು ಕಲಿಸಿ, ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಭಯವನ್ನು ಎದುರಿಸುವಂತೆ ಮಾಡುತ್ತಾರೆ. ಟೆಂಪಲ್ ವಿಶ್ವವಿದ್ಯಾಲಯದ ಫಿಲಿಪ್ ಕೆಂಡಲ್ 1994ರಲ್ಲಿ ಇದು ಮಕ್ಕಳಲ್ಲಿ ಕೆಲಸ ಮಾಡುತ್ತದೆಂದು ತೋರಿಸಿದರು. 2008ರಲ್ಲಿ 488 ಮಕ್ಕಳ ಮೇಲಿನ ದೊಡ್ಡ ಪ್ರಯೋಗವೊಂದು ಪ್ರಕಟವಾಯಿತು. ಸಿಬಿಟಿ ಪಡೆದವರಲ್ಲಿ ಶೇ. 60ರಷ್ಟು, ಸರ್ಟ್ರಲಿನ್ ಮಾತ್ರೆ ಪಡೆದವರಲ್ಲಿ ಶೇ. 55ರಷ್ಟು, ಎರಡನ್ನೂ ಪಡೆದವರಲ್ಲಿ ಶೇ. 81ರಷ್ಟು ಮಕ್ಕಳು ಚೆನ್ನಾಗಿ ಸುಧಾರಿಸಿದರು. ಬರೀ ಹುಸಿ ಮಾತ್ರೆ ನುಂಗಿದವರಲ್ಲಿ ಸುಧಾರಿಸಿದ್ದು ಶೇ. 24ರಷ್ಟು. ಒಳ್ಳೆಯ ಫಲಿತಾಂಶವೇ. ಆದರೆ ಸಿಬಿಟಿಯೊಂದನ್ನೇ ಪಡೆದ ಹತ್ತರಲ್ಲಿ ನಾಲ್ವರು ಹಿಂದೆ ಉಳಿದರು. ಕೆಲವು ಮಕ್ಕಳಂತೂ ಚಿಕಿತ್ಸಕರ ಎದುರು ಕೂರಲೇ ಒಪ್ಪುವುದಿಲ್ಲ. ಅಪರಿಚಿತರೆಂದರೆ ನಡುಗುವ ಮಗುವನ್ನು ಅಪರಿಚಿತರ ಮುಂದೆ ಕೂರಿಸಿ ಮಾತಾಡು ಅಂದರೆ ಮತ್ತೇನಾದೀತು?

ಹಾಗಾದರೆ ಪೋಷಕರನ್ನೂ ಒಳಗೆ ಕರೆಯೋಣ ಎಂದು ಅನೇಕರು ಪ್ರಯತ್ನಿಸಿದರು. ಲಾಭ ಅಷ್ಟಕ್ಕಷ್ಟೇ. ಅಪ್ಪ ಅಮ್ಮನನ್ನು ಮಗುವಿನ ಮನೆಪಾಠದ ಮೇಷ್ಟ್ರನ್ನಾಗಿ ಮಾಡಿದ್ದರೇ ಹೊರತು ಅವರ ಸ್ವಂತ ನಡವಳಿಕೆಯನ್ನು ಮುಟ್ಟಿರಲಿಲ್ಲ, ಅದಕ್ಕೇ ಹೀಗಾಯಿತು ಎಂಬುದು ನನ್ನ ಅನಿಸಿಕೆ.

ಲೆಬೊವಿಟ್ಜ್ ಮತ್ತು ಸಂಗಡಿಗರು ತಮ್ಮ ವಿಧಾನವನ್ನು ನೇರ ಪೈಪೋಟಿಗೆ ಒಡ್ಡಿದರು. ಏಳರಿಂದ ಹದಿನಾಲ್ಕು ವರ್ಷದ 124 ಮಕ್ಕಳು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು. ಒಂದರಲ್ಲಿ ಮಗುವಿಗೆ ಹನ್ನೆರಡು ವಾರ ಸಿಬಿಟಿ, ಪೋಷಕರಿಗೆ ಏನೂ ಇಲ್ಲ. ಇನ್ನೊಂದರಲ್ಲಿ ಪೋಷಕರಿಗೆ ಹನ್ನೆರಡು ವಾರ ಸ್ಪೇಸ್, ಮಗುವಿಗೆ ಚಿಕಿತ್ಸಕರ ಭೇಟಿಯೇ ಇಲ್ಲ. 2020ರಲ್ಲಿ ಅಚ್ಚಾದ ಫಲಿತಾಂಶದ ಪ್ರಕಾರ ಪೋಷಕರ ಚಿಕಿತ್ಸೆ ಸಿಬಿಟಿಗಿಂತ ಕಡಿಮೆಯೇನಾಗಲಿಲ್ಲ. ಯಾರ ಮುಖವನ್ನು ಚಿಕಿತ್ಸಕರು ನೋಡಿಯೇ ಇರಲಿಲ್ಲವೋ ಆ ಮಕ್ಕಳ ಆತಂಕವೂ ಅಷ್ಟೇ ಇಳಿದಿತ್ತು.

ಆ ಹನ್ನೆರಡು ವಾರ ನಡೆಯುವುದೇನು? ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಎಂಟು ವರ್ಷದ ಹುಡುಗಿ. ಅಮ್ಮ ಕೆಲಸಕ್ಕೆ ಹೋದಮೇಲೆ ಅಜ್ಜಿಯ ಮೊಬೈಲಿನಿಂದ ಮತ್ತೆ ಮತ್ತೆ ಫೋನ್: ‘ಅಮ್ಮಾ, ನಿಂಗೇನೂ ಆಗಿಲ್ಲ ತಾನೆ?’ ಅಮ್ಮ ಮೀಟಿಂಗ್ ಬಿಟ್ಟು ಬಂದು ಉತ್ತರಿಸುತ್ತಾಳೆ. ಮಗು ಐದು ನಿಮಿಷ ನೆಮ್ಮದಿಯಿಂದಿರುತ್ತದೆ. ಚಿಕಿತ್ಸೆಯಲ್ಲಿ ಅಪ್ಪ ಅಮ್ಮ ಮೊದಲು ಕಲಿಯುವುದು ಒಂದು ಬಗೆಯ ಮಾತು. ‘ಇಷ್ಟಕ್ಕೆಲ್ಲ ಯಾರಾದ್ರೂ ಹೆದರ್ತಾರಾ?’ ಎಂದರೆ ಮಗುವಿನ ಸಂಕಟವನ್ನು ಅಲ್ಲಗಳೆದಂತೆ. ‘ಅಯ್ಯೋ ಕಂದಾ, ಹೆದರ್ಬೇಡ, ಎಷ್ಟು ಸಲ ಬೇಕಾದ್ರೂ ಫೋನ್ ಮಾಡು’ ಎಂದರೆ ನಿನ್ನ ಕೈಲಾಗದು ಎಂದು ಒಪ್ಪಿದಂತೆ. ಎರಡೂ ಅಲ್ಲದೆ, ‘ನಿಂಗೆ ತುಂಬಾ ಭಯ ಆಗುತ್ತೆ ಅಂತ ಗೊತ್ತು ಪುಟ್ಟಿ. ಆ ಭಯಾನ ನೀನು ತಡ್ಕೋತೀಯ ಅಂತಾನೂ ಗೊತ್ತು’ ಎನ್ನಬೇಕು. ಒಪ್ಪಿಕೊಳ್ಳುವುದು, ನಂಬಿಕೆ ಇಡುವುದು, ಎರಡೂ ಒಂದೇ ಉಸಿರಿನಲ್ಲಿ. ಓದಲು ಸುಲಭ, ಅಳುವ ಮಗುವಿನೆದುರು ಬಾಯಿಗೆ ಬರುವುದು ಕಷ್ಟ.

ಆಮೇಲೆ ಪಟ್ಟಿಯಿಂದ ಒಂದನ್ನು, ಒಂದನ್ನು ಮಾತ್ರ, ಆರಿಸಿಕೊಳ್ಳುತ್ತಾರೆ. ಇಲ್ಲಿ ಫೋನು. ಮನೆಯಲ್ಲಿ ರಂಪವಿಲ್ಲದ ಒಂದು ಹೊತ್ತು ನೋಡಿ ಅಪ್ಪ ಅಮ್ಮ ಸೇರಿ ಬರೆದ ಪುಟ್ಟ ಪತ್ರವನ್ನು ಮಗುವಿಗೆ ಓದಿ ಹೇಳುತ್ತಾರೆ: ‘ನೀನು ಕೇಳಿದಾಗಲೆಲ್ಲ ಫೋನ್ ಎತ್ತಿ, ನಿನ್ನ ಭಯ ಇನ್ನೂ ಜಾಸ್ತಿ ಆಗೋ ಹಾಗೆ ಮಾಡ್ತಿದ್ದೆ. ಸೋಮವಾರದಿಂದ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಲ ನಾನೇ ಫೋನ್ ಮಾಡ್ತೀನಿ. ಉಳಿದ ಹೊತ್ತು ಎತ್ತಲ್ಲ.’ ಗಮನಿಸಿ, ‘ನೀನು ಫೋನ್ ಮಾಡಬೇಡ’ ಎಂದು ಎಲ್ಲೂ ಇಲ್ಲ. ಮಗು ಹೀಗಿರಬೇಕು ಎಂಬ ಷರತ್ತೇ ಇಲ್ಲ. ಬದಲಾಗುವುದು ಅಪ್ಪ ಅಮ್ಮನ ನಡೆ, ಏಕೆಂದರೆ ಅವರ ಹತೋಟಿಯಲ್ಲಿ ನಿಜಕ್ಕೂ ಇರುವುದು ಅದೊಂದೇ. ನನ್ನ ಮಟ್ಟಿಗೆ ಈ ಚಿಕಿತ್ಸೆಯ ಜಾಣತನವೆಲ್ಲ ಆ ಪತ್ರದಲ್ಲಿದೆ.

ಮೊದಲ ದಿನಗಳು ಕಠಿಣ. ಮಗು ಅಳುತ್ತದೆ, ಸಿಟ್ಟಾಗುತ್ತದೆ, ‘ನಿಂಗೆ ನಾನಂದ್ರೆ ಇಷ್ಟ ಇಲ್ಲ’ ಎನ್ನುತ್ತದೆ. ಆಗ ಸೋಲಬಾರದು, ಕೂಗಾಡಲೂಬಾರದು. ಇಸ್ರೇಲಿನ ಮನಶ್ಶಾಸ್ತ್ರಜ್ಞ ಹೈಮ್ ಓಮರ್, ಗಾಂಧಿಯವರ ಅಹಿಂಸಾತ್ಮಕ ಪ್ರತಿರೋಧದಿಂದ ಸ್ಫೂರ್ತಿ ಪಡೆದು ಪೋಷಕರಿಗಾಗಿ ರೂಪಿಸಿದ ಪಾಠಗಳು ಸ್ಪೇಸ್‌ಗೂ ಬಂದಿವೆ. ಬೈಗುಳಕ್ಕೆ ಬೈಗುಳ ಬೇಡ, ವಾದ ಬೇಡ, ಹಿಂದೆ ಸರಿಯುವುದೂ ಬೇಡ. ಅವರು ಹೇಳುವ ಇನ್ನೊಂದು ಮಾತು, ನೆರವಿಗೆ ನಾಲ್ಕು ಜನರನ್ನು ಸೇರಿಸಿಕೊಳ್ಳಿ. ನಮ್ಮ ಮನೆಗಳಿಗೆ ಇದು ವರವೂ ಹೌದು, ತೊಡಕೂ ಹೌದು. ಅಮ್ಮ ಫೋನ್ ಎತ್ತದಿದ್ದರೆ ಮೊಮ್ಮಗಳ ಕಣ್ಣೀರು ನೋಡಲಾರದ ಅಜ್ಜಿ ಅಪ್ಪನಿಗೆ ಫೋನ್ ಹಚ್ಚಿಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ಅಜ್ಜಿಗೆ ಮೊದಲೇ ವಿಷಯ ತಿಳಿಸಿದ್ದರೆ ಸಂಜೆ ಅವರೇ ‘ಇವತ್ತು ಎಷ್ಟೊತ್ತು ಧೈರ್ಯವಾಗಿದ್ದೆ ನೋಡು’ ಎಂದು ಬೆನ್ನು ತಟ್ಟುತ್ತಾರೆ. ಮಾವನೋ ಚಿಕ್ಕಮ್ಮನೋ ಊರಿನಿಂದ ಫೋನ್ ಮಾಡಿ ಅದನ್ನೇ ಹೇಳಿದರೆ ಇನ್ನೂ ಒಳ್ಳೆಯದು.

ಇದನ್ನು ಓದಿ ಇವತ್ತೇ ಮನೆಯಲ್ಲಿ ಕಟ್ಟುನಿಟ್ಟು ಶುರುಮಾಡಬೇಡಿ. ಮಗು ಶಾಲೆಗೆ ಹೆದರುತ್ತಿದ್ದರೆ ಅಲ್ಲಿ ಯಾರೋ ಹೊಡೆಯುತ್ತಿರಬಹುದು, ಕಾಡಿಸುತ್ತಿರಬಹುದು, ಅಕ್ಷರ ಓದಲಾಗದ ಕಲಿಕಾ ತೊಂದರೆ ಇರಬಹುದು. ಅಂಥ ಭಯಕ್ಕೆ ಧೈರ್ಯದ ಪಾಠ ಹೇಳುವುದು ಕ್ರೌರ್ಯ. ಆಟಿಸಂ ಇರುವ ಮಗುವಿಗೆ ಬೇಕಾದ ಅನುಕೂಲಗಳನ್ನು ಆತಂಕಕ್ಕೆ ಕೊಟ್ಟ ಸಡಿಲಿಕೆ ಎಂದು ಕಿತ್ತುಕೊಳ್ಳುವಂತೆಯೂ ಇಲ್ಲ. ಸಾಯುವ ಮಾತಾಡುವ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಯೇಲ್ ಪ್ರಯೋಗ ನಡೆದದ್ದು ಒಂದೇ ಕೇಂದ್ರದಲ್ಲಿ, ನುರಿತವರ ಕೈಯಲ್ಲಿ ಎಂಬುದನ್ನೂ ಮರೆಯಬಾರದು.

ಆದರೂ ಪೋಷಕರ ಮೂಲಕ ಚಿಕಿತ್ಸೆ ಎಂಬ ದಾರಿ ನಮ್ಮಂಥ ದೇಶಕ್ಕೆ ಹೇಳಿಮಾಡಿಸಿದಂತಿದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 13ರಿಂದ 17 ವರ್ಷದವರಲ್ಲಿ ಸುಮಾರು ಶೇ. 7ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದು ಕಂಡುಕೊಂಡಿತು. ಇಷ್ಟು ಮಕ್ಕಳಿಗೆ ಸಾಲುವಷ್ಟು ಮಕ್ಕಳ ಮನೋವೈದ್ಯರು ನಮ್ಮಲ್ಲಿಲ್ಲ, ಜಿಲ್ಲಾ ಕೇಂದ್ರ ದಾಟಿದರೆ ಹುಡುಕಿದರೂ ಸಿಗುವುದು ಕಷ್ಟ. ಬ್ರಿಟನ್ನಿನಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾಥಿ ಕ್ರೆಸ್‌ವೆಲ್ ಅವರ ತಂಡ ಪೋಷಕರಿಗೆ ಆನ್‌ಲೈನ್ ಪಾಠ ಕೊಟ್ಟು, ಚಿಕಿತ್ಸಕರು ಆಗಾಗ ಚುಟುಕಾಗಿ ಮಾತಾಡುವ ವ್ಯವಸ್ಥೆ ಮಾಡಿ ನೋಡಿತು. 2024ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಮಾಮೂಲಿ ಚಿಕಿತ್ಸೆಯಷ್ಟೇ ಫಲ ಸಿಕ್ಕಿತು, ಚಿಕಿತ್ಸಕರ ಸಮಯ ಮಾತ್ರ ಕಡಿಮೆ ಹಿಡಿಯಿತು.

ನಮ್ಮಲ್ಲಿ ಸದ್ಯಕ್ಕೆ ಕೈಗೆಟಕುವ ಮೊದಲ ಬಾಗಿಲು ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಆತಂಕ ವಾರಗಟ್ಟಲೆ ಶಾಲೆಯನ್ನೋ ನಿದ್ದೆಯನ್ನೋ ಕೆಡಿಸುತ್ತಿದ್ದರೆ ಅಲ್ಲಿ ಕೇಳಿ, ಇಲ್ಲವೇ ಹತ್ತಿರದ ಮನೋವೈದ್ಯರನ್ನು ಕಾಣಿ. ಮಗು ಬರುವುದಿಲ್ಲ ಎಂದು ಹಟ ಹಿಡಿದರೆ ಎಳೆದುಕೊಂಡು ಹೋಗಬೇಡಿ, ನೀವಿಬ್ಬರೇ ಹೋಗಿ.