ಯುದ್ಧಗಳು ಏಕೆ ಹುಟ್ಟುತ್ತವೆ, ಏನನ್ನು ಉಳಿಸಿ ಹೋಗುತ್ತವೆ?

ಯುದ್ಧದ ಕಥೆ ಹೇಳುವುದು ಮನುಷ್ಯನ ಹಳೆಯ ಅಭ್ಯಾಸ. ಆದರೆ ಯುದ್ಧಗಳನ್ನು ಒಂದೊಂದಾಗಿ ಎಣಿಸಿ, ಸತ್ತವರ ಲೆಕ್ಕ ಹಾಕಿ, ಒಂದರ ಪಕ್ಕ ಒಂದನ್ನಿಟ್ಟು ಕಾರಣ ಹುಡುಕುವ ಶಾಸ್ತ್ರಕ್ಕೆ ಸುಮಾರು ನೂರು ವರ್ಷದ ವಯಸ್ಸಷ್ಟೇ. ಒಂದು ದೇಶದಲ್ಲಿ ಬಂದೂಕಿನ ಸದ್ದು ನಿಲ್ಲುವುದೇ ಇಲ್ಲ. ಅಷ್ಟೇ ಬಡತನ, ಅಷ್ಟೇ ಭಾಷೆ, ಅಷ್ಟೇ ಪಂಗಡಗಳಿರುವ ಪಕ್ಕದ ದೇಶ ಶಾಂತವಾಗಿರುತ್ತದೆ. ಈ ವ್ಯತ್ಯಾಸ ಏಕೆ ಎಂಬುದು ಈ ಶಾಸ್ತ್ರದ ಮೊದಲ ಪ್ರಶ್ನೆ. ಕಾಳಗ ಮುಗಿದ ಮೇಲೆ ಬದುಕುಳಿದವರ ಪಾಡು ಏನಾಗುತ್ತದೆ ಎಂಬುದು ಎರಡನೆಯದು.

ಎಣಿಕೆಯಿಂದ ಆರಂಭ

ಈ ಕೆಲಸಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್ (1881–1953). ಅವರು ಹವಾಮಾನ ವಿಜ್ಞಾನಿ, ಹಿಂಸೆಯನ್ನು ಒಪ್ಪದ ಕ್ವೇಕರ್ ಪಂಥಕ್ಕೆ ಸೇರಿದವರು. ಮೊದಲ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದೆ ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ಪಡೆಯಲ್ಲಿ ದುಡಿದರು. 1920ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯನ್ನು ವಾಯುಪಡೆಯ ಸಚಿವಾಲಯದ ಅಡಿಗೆ ತಂದಾಗ ನೌಕರಿಯನ್ನೇ ಬಿಟ್ಟರು. ಆಮೇಲೆ ಬಿಡುವಿನ ವೇಳೆಯಲ್ಲಿ 1820ರಿಂದೀಚಿನ ಕಾದಾಟಗಳ ಪಟ್ಟಿಯನ್ನು ತಾವೇ ತಯಾರಿಸುತ್ತ ಹೋದರು.

ಯಾವುದು ಯುದ್ಧ, ಯಾವುದು ದಂಗೆ, ಯಾವುದು ಕೊಲೆ ಎಂಬ ತಕರಾರನ್ನು ಅವರು ಒಂದೇ ಅಳತೆಯಿಂದ ಬಗೆಹರಿಸಿದರು. ಒಬ್ಬರು ಸತ್ತರೆ ಸೊನ್ನೆ, ಹತ್ತು ಮಂದಿ ಸತ್ತರೆ 1, ನೂರು ಮಂದಿಗೆ 2, ಹೀಗೆ ಏರುತ್ತ ಒಂದು ಕೋಟಿ ಮಂದಿಗೆ 7. ಎರಡು ಮಹಾಯುದ್ಧಗಳು ಮಾತ್ರ 7ರ ದರ್ಜೆಗೆ ಏರಿದ್ದವು. ಈ ಪಟ್ಟಿಯಿಂದ ಕೆಲವು ಸಂಗತಿಗಳು ಹೊರಬಿದ್ದವು. ಹೆಚ್ಚು ನೆರೆದೇಶಗಳೊಂದಿಗೆ ಗಡಿ ಹಂಚಿಕೊಂಡ ದೇಶ ಹೆಚ್ಚು ಯುದ್ಧಗಳಲ್ಲಿ ಸಿಲುಕುತ್ತದೆ. ಒಂದೇ ಭಾಷೆ ಆಡುವುದು ಯುದ್ಧದಿಂದ ಕಾಪಾಡುವ ಗುರಾಣಿಯೇನಲ್ಲ. ಈ ಪಟ್ಟಿಯನ್ನು ಒಳಗೊಂಡ ಅವರ ಗ್ರಂಥ ಮುದ್ರಣ ಕಂಡದ್ದು ಅವರು ತೀರಿಕೊಂಡ ಮೇಲೆ, 1960ರಲ್ಲಿ.

1963ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜೆ. ಡೇವಿಡ್ ಸಿಂಗರ್ 1816ರಿಂದೀಚಿನ ಯುದ್ಧಗಳ ದತ್ತಾಂಶ ಕಟ್ಟುವ ಯೋಜನೆ ಆರಂಭಿಸಿದರು. ಕಾಳಗದಲ್ಲಿ ಕನಿಷ್ಠ 1,000 ಮಂದಿ ಸತ್ತರೆ ಮಾತ್ರ ಅದು ಯುದ್ಧ ಎಂಬುದು ಅಲ್ಲಿನ ನಿಯಮ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ದತ್ತಾಂಶ ಕೇಂದ್ರ ಈ ಗೆರೆಯನ್ನು ಬಹಳ ಕೆಳಗೆ ಎಳೆದಿದೆ: ಸರ್ಕಾರವೊಂದು ಭಾಗಿಯಾಗಿರುವ ಹೋರಾಟದಲ್ಲಿ ವರ್ಷಕ್ಕೆ 25 ಸಾವು ಸಂಭವಿಸಿದರೆ ಸಾಕು, ಅದು ಸಶಸ್ತ್ರ ಸಂಘರ್ಷ. ಗೆರೆ ಎಲ್ಲಿ ಎಳೆಯುತ್ತೇವೆ ಎಂಬುದು ಸಣ್ಣ ಮಾತಲ್ಲ. ಉತ್ತರ ಐರ್ಲೆಂಡಿನಲ್ಲಿ ಮೂವತ್ತು ವರ್ಷಗಳಲ್ಲಿ ಸುಮಾರು 3,500 ಮಂದಿ ಸತ್ತರು, ಆದರೆ ಯಾವ ಒಂದು ವರ್ಷದಲ್ಲೂ ಆ ಸಂಖ್ಯೆ ಸಾವಿರ ಮುಟ್ಟಲಿಲ್ಲ. ವರ್ಷಕ್ಕೆ ಸಾವಿರ ಎಂಬ ಜರಡಿ ಹಿಡಿದರೆ ಇಡೀ ಸಂಘರ್ಷವೇ ಲೆಕ್ಕದಿಂದ ಜಾರಿಹೋಗುತ್ತದೆ.

ಉಪ್ಸಾಲಾದ ದತ್ತಾಂಶದಲ್ಲಿ ಒಂದೊಂದು ಘಟನೆಗೂ ಒಂದೊಂದು ಸಾಲು. ತಾರೀಖು, ಊರು, ಯಾರ ಮೇಲೆ ಯಾರು ದಾಳಿ ಮಾಡಿದರು, ಸುದ್ದಿಯ ಮೂಲ ಯಾವುದು ಎಂಬ ವಿವರದ ಜೊತೆಗೆ ಸಾವಿನ ಮೂರು ಸಂಖ್ಯೆಗಳಿರುತ್ತವೆ: ಕನಿಷ್ಠ, ಗರಿಷ್ಠ, ಮತ್ತು ಇವೆರಡರ ನಡುವೆ ಅತ್ಯಂತ ನಂಬಲರ್ಹವಾದದ್ದು. ಎರಡೂ ಕಡೆಯವರು ಸುಳ್ಳು ಹೇಳುವ ಕಾಲದಲ್ಲಿ ಇಷ್ಟು ಎಚ್ಚರಿಕೆ ಅಗತ್ಯ. ಈ ಲೆಕ್ಕದ ಪ್ರಕಾರ 2024ರಲ್ಲಿ ಸರ್ಕಾರಗಳು ಭಾಗಿಯಾದ 61 ಸಂಘರ್ಷಗಳು ನಡೆದವು. 1946ರಿಂದ ಯಾವ ವರ್ಷವೂ ಇಷ್ಟು ಕಂಡಿರಲಿಲ್ಲ.

ಹಳೆಯ ದ್ವೇಷ ಎಂಬ ಸುಲಭ ಉತ್ತರ

ಯುದ್ಧ ಎಂದಾಕ್ಷಣ ಎರಡು ದೇಶಗಳ ಸೈನ್ಯಗಳು ಕಣ್ಮುಂದೆ ಬರುತ್ತವೆ. ಆದರೆ ಎರಡನೆಯ ಮಹಾಯುದ್ಧದ ನಂತರ ಹೆಚ್ಚು ಜೀವ ತೆಗೆದದ್ದು ದೇಶಗಳ ಒಳಗಿನ ಯುದ್ಧ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫಿಯರಾನ್ ಮತ್ತು ಡೇವಿಡ್ ಲೈಟಿನ್ 2003ರಲ್ಲಿ ಕೊಟ್ಟ ಲೆಕ್ಕದಂತೆ, 1945ರಿಂದ 1999ರವರೆಗೆ ದೇಶ ದೇಶಗಳ ನಡುವಿನ 25 ಯುದ್ಧಗಳಲ್ಲಿ ಸುಮಾರು 33.3 ಲಕ್ಷ ಮಂದಿ ಸತ್ತರೆ, ಸುಮಾರು 127 ಅಂತರ್ಯುದ್ಧಗಳು ಕಡಿಮೆಯೆಂದರೂ 1.62 ಕೋಟಿ ಜೀವ ತೆಗೆದವು. ಹಾಗಾಗಿ ಕಳೆದ ಮೂರು ದಶಕಗಳಲ್ಲಿ ಸಂಶೋಧಕರ ಗಮನ ಹೆಚ್ಚಾಗಿ ಅಂತರ್ಯುದ್ಧದ ಕಡೆಗೆ ತಿರುಗಿದೆ.

ಬೇರೆ ಬೇರೆ ಜನಾಂಗ, ಭಾಷೆ, ಮತಗಳ ಜನ ಒಂದೆಡೆ ಇದ್ದರೆ ಹಳೆಯ ದ್ವೇಷ ಎಂದಾದರೊಂದು ದಿನ ಸಿಡಿಯುತ್ತದೆ ಎಂಬುದು ಪ್ರಚಲಿತ ನಂಬಿಕೆ. ಫಿಯರಾನ್ ಮತ್ತು ಲೈಟಿನ್ ಅವರ ಅಧ್ಯಯನ ಇದನ್ನು ಅಲ್ಲಗಳೆಯಿತು. ಆದಾಯದ ಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಹಲವು ಜನಾಂಗಗಳಿರುವ ದೇಶದಲ್ಲಿ ಅಂತರ್ಯುದ್ಧದ ಸಂಭವ ಉಳಿದ ದೇಶಗಳಿಗಿಂತ ಹೆಚ್ಚೇನೂ ಇರಲಿಲ್ಲ. ಅಪಾಯ ಹೆಚ್ಚಿದ್ದದ್ದು ಬಡತನ ಇರುವಲ್ಲಿ, ಆಡಳಿತ ದುರ್ಬಲವಾಗಿರುವಲ್ಲಿ, ರಾಜಕೀಯ ಅಸ್ಥಿರವಾಗಿರುವಲ್ಲಿ, ಪೊಲೀಸರ ಕೈಗೆ ಸಿಗದಂತೆ ಅಡಗಿಕೊಳ್ಳಲು ಬೆಟ್ಟಗುಡ್ಡಗಳಿರುವಲ್ಲಿ. ದ್ವೇಷ ಎಲ್ಲೆಡೆ ಇದ್ದೀತು. ಸಣ್ಣದೊಂದು ಸಶಸ್ತ್ರ ಗುಂಪು ಬದುಕಿ ಬೆಳೆಯುವ ಅನುಕೂಲ ಎಲ್ಲೆಡೆ ಇರುವುದಿಲ್ಲ.

ಅದೇ ಕಾಲದಲ್ಲಿ ಆಕ್ಸ್‌ಫರ್ಡ್‌ನ ಪಾಲ್ ಕಾಲಿಯರ್ ಮತ್ತು ಆಂಕೆ ಹೋಫ್ಲರ್ ಬಂಡಾಯದ ಹಣಕಾಸಿನ ಕಡೆ ಬೆರಳು ತೋರಿಸಿದರು. ಪಡೆ ಕಟ್ಟಲು, ಅದನ್ನು ಸಾಕಲು ದುಡ್ಡು ಬೇಕು. ಸುಲಭವಾಗಿ ದೋಚಬಹುದಾದ ಸಂಪತ್ತು ಇದ್ದರೆ, ಓದು ಮತ್ತು ಕೆಲಸ ಇಲ್ಲದ ಯುವಕರು ಸಿಕ್ಕರೆ, ಬಂಡಾಯ ಅಗ್ಗವಾಗುತ್ತದೆ. 1991ರಿಂದ 2002ರವರೆಗೆ ಸಿಯೆರಾ ಲಿಯೋನ್‌ನಲ್ಲಿ ನಡೆದ ಯುದ್ಧಕ್ಕೆ ವಜ್ರದ ಗಣಿಗಳು ಹಣ ಒದಗಿಸಿದವು. ಅಂಥ ವಜ್ರಗಳ ವ್ಯಾಪಾರ ತಡೆಯಲೆಂದೇ 2003ರಲ್ಲಿ ಕಿಂಬರ್ಲಿ ವ್ಯವಸ್ಥೆ ಜಾರಿಗೆ ಬಂತು.

ಆದರೆ ದುರಾಸೆಯೊಂದೇ ಕಾರಣ ಎಂಬ ತೀರ್ಮಾನವೂ ನಿಲ್ಲಲಿಲ್ಲ. ಆಕ್ಸ್‌ಫರ್ಡ್‌ನ ಇನ್ನೊಬ್ಬ ಅರ್ಥಶಾಸ್ತ್ರಜ್ಞೆ ಫ್ರಾನ್ಸಿಸ್ ಸ್ಟೂವರ್ಟ್ ವ್ಯಕ್ತಿ ವ್ಯಕ್ತಿಗಳ ನಡುವಿನ ಅಂತರವನ್ನಲ್ಲ, ಸಮುದಾಯ ಸಮುದಾಯಗಳ ನಡುವಿನ ಅಂತರವನ್ನು ನೋಡಬೇಕು ಎಂದರು. ಲಾರ್ಸ್ ಎರಿಕ್ ಸೆಡರ್‌ಮನ್, ಆಂಡ್ರಿಯಾಸ್ ವಿಮ್ಮರ್ ಮತ್ತು ಬ್ರಯಾನ್ ಮಿನ್ 2010ರಲ್ಲಿ, ಎಷ್ಟು ಜನಾಂಗಗಳಿವೆ ಎಂಬುದರ ಬದಲು ಯಾವ ಜನಾಂಗವನ್ನು ಅಧಿಕಾರದಿಂದ ಹೊರಗಿಡಲಾಗಿದೆ ಎಂದು ವಿಂಗಡಿಸಿದರು. ಉತ್ತರ ಸ್ಪಷ್ಟವಾಯಿತು. ಹೊರಗಿಡಲ್ಪಟ್ಟ ಗುಂಪುಗಳು, ಅದರಲ್ಲೂ ಇತ್ತೀಚೆಗೆ ಅಧಿಕಾರ ಕಳೆದುಕೊಂಡ ಗುಂಪುಗಳು, ಶಸ್ತ್ರ ಹಿಡಿಯುವ ಸಂಭವ ಹೆಚ್ಚು.

ಶ್ರೀಲಂಕಾ ಇದಕ್ಕೆ ಹತ್ತಿರದ ಉದಾಹರಣೆ. ಸಿಂಹಳವೊಂದನ್ನೇ ಅಧಿಕೃತ ಭಾಷೆಯಾಗಿಸಿದ 1956ರ ಕಾಯ್ದೆ, 1970ರ ದಶಕದಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ತಮಿಳು ವಿದ್ಯಾರ್ಥಿಗಳು ಹೆಚ್ಚು ಅಂಕ ಗಳಿಸಬೇಕಾದ ನಿಯಮ, 1981ರಲ್ಲಿ ಬೆಂಕಿಗೆ ಆಹುತಿಯಾದ ಜಾಫ್ನಾ ಗ್ರಂಥಾಲಯ, 1983ರ ಜುಲೈನಲ್ಲಿ ತಮಿಳರ ಮೇಲೆ ನಡೆದ ಹತ್ಯಾಕಾಂಡ. ಒಂದೊಂದೂ ಒಂದು ಸಮುದಾಯವನ್ನು ಆಡಳಿತದ ಅಂಗಳದಿಂದ ದೂರ ತಳ್ಳಿತು. ಆಮೇಲೆ ಹೊತ್ತಿಕೊಂಡ ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ.

ಮಳೆ, ಕಾಫಿ, ಕೂಲಿ

ಬಡತನವಿರುವಲ್ಲಿ ಯುದ್ಧ ಹೆಚ್ಚು ಎಂದರೆ, ಬಡತನದಿಂದ ಯುದ್ಧವೋ ಯುದ್ಧದಿಂದ ಬಡತನವೋ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಬಿಡಿಸಲು ಸಂಶೋಧಕರು ಮನುಷ್ಯರ ಕೈಯಲ್ಲಿಲ್ಲದ ಬದಲಾವಣೆಗಳನ್ನು ಹುಡುಕಿದರು. ಎಡ್ವರ್ಡ್ ಮಿಗೆಲ್, ಶಂಕರ್ ಸತ್ಯನಾಥ್ ಮತ್ತು ಅರ್ನೆಸ್ಟ್ ಸರ್ಜೆಂಟಿ 1981ರಿಂದ 1999ರವರೆಗೆ ಆಫ್ರಿಕಾದ 41 ದೇಶಗಳ ಮಳೆಯನ್ನು ಪರಿಶೀಲಿಸಿದರು. ಮಳೆ ಕೈಕೊಟ್ಟು ಆರ್ಥಿಕ ಬೆಳವಣಿಗೆ ದರ ಶೇಕಡಾ ಐದು ಅಂಶ ಕುಸಿದರೆ, ಮರುವರ್ಷ ಅಂತರ್ಯುದ್ಧದ ಸಂಭವ ಅರ್ಧದಷ್ಟು ಹೆಚ್ಚುತ್ತದೆ ಎಂದು 2004ರಲ್ಲಿ ಪ್ರಕಟಿಸಿದರು. ಮಳೆಯನ್ನು ಬೇರೆ ರೀತಿಯಲ್ಲಿ ಅಳೆದರೆ ಈ ಸಂಬಂಧ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂದು ಆಂಟೋನಿಯೊ ಚಿಕ್ಕೋನೆ 2011ರಲ್ಲಿ ಆಕ್ಷೇಪಿಸಿದರು. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಹೀಗೆ ಮತ್ತೆ ಮತ್ತೆ ಒರೆಗೆ ಹಚ್ಚುವುದರಿಂದಲೇ ಈ ಶಾಸ್ತ್ರ ಬೆಳೆದಿದೆ.

ಕೊಲಂಬಿಯಾದಲ್ಲಿ ಓಯಿಂಡ್ರಿಲಾ ದುಬೆ ಮತ್ತು ಹುವಾನ್ ವರ್ಗಾಸ್ ನಡೆಸಿದ ಅಧ್ಯಯನ (2013) ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1997ರಿಂದ 2003ರ ನಡುವೆ ಅಲ್ಲಿ ಕಾಫಿ ಬೆಲೆ ಸುಮಾರು ಮೂರನೇ ಎರಡರಷ್ಟು ಇಳಿಯಿತು. ಆ ಹೊತ್ತಿಗೆ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರನ್ನೂ ಕಂಗೆಡಿಸಿದ ಕುಸಿತವಿದು. ಕಾಫಿ ತೋಟಕ್ಕೆ ಆಳುಗಳು ಬೇಕು. ಬೆಲೆ ಬಿದ್ದರೆ ಕೂಲಿ ಬೀಳುತ್ತದೆ, ಕೂಲಿ ಬಿದ್ದರೆ ಸಶಸ್ತ್ರ ಗುಂಪು ಸೇರುವವರು ಹೆಚ್ಚುತ್ತಾರೆ. ಕೊಲಂಬಿಯಾದ ಕಾಫಿ ಪ್ರದೇಶಗಳಲ್ಲಿ ಆ ವರ್ಷಗಳಲ್ಲಿ ಹಿಂಸೆ ಏರಿತು. ಪೆಟ್ರೋಲಿಯಂ ತೆಗೆಯುವ ಪ್ರದೇಶಗಳಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಬೆಲೆ ಏರಿದಾಗ ಹಿಂಸೆಯೂ ಏರಿತು. ತೈಲಕ್ಕೆ ಆಳುಗಳು ಕಡಿಮೆ ಸಾಕು, ಆದರೆ ಅದರಿಂದ ಸ್ಥಳೀಯ ಆಡಳಿತಕ್ಕೆ ಬರುವ ಹಣ ದೋಚುವವರನ್ನು ಸೆಳೆಯುತ್ತದೆ. ದುಡಿಮೆಗೆ ಬೆಲೆ ಕೊಡುವ ಸಂಪತ್ತು ಶಾಂತಿಯನ್ನು ಕಾಯುತ್ತದೆ, ಕಬಳಿಸಲು ಸುಲಭವಾದ ಸಂಪತ್ತು ಜಗಳ ತರುತ್ತದೆ.

ಭಾರತದ ಮಾವೋವಾದಿ ಪ್ರದೇಶಗಳೂ ಇಂಥ ಅಧ್ಯಯನಕ್ಕೆ ಒಳಗಾಗಿವೆ. ಉದ್ಯೋಗ ಖಾತ್ರಿ ಯೋಜನೆ 2006ರಲ್ಲಿ 200 ಜಿಲ್ಲೆಗಳಲ್ಲಿ ಆರಂಭವಾಗಿ, 2008ರ ವೇಳೆಗೆ ಹಂತಹಂತವಾಗಿ ಗ್ರಾಮೀಣ ಭಾರತಕ್ಕೆಲ್ಲ ಹರಡಿತು. ಯೋಜನೆಗೆ ಮೊದಲು ಮುಂಗಾರು ಸೋತರೆ ಮರುವರ್ಷ ಹಿಂಸೆ ಹೆಚ್ಚುತ್ತಿತ್ತು, ಯೋಜನೆ ಬಂದ ಮೇಲೆ ಈ ನಂಟು ಕಳಚಿತು ಎಂದು ಥೀಮೊ ಫೆಟ್ಜರ್ ತೋರಿಸಿದ್ದಾರೆ. ಆದಿತ್ಯ ದಾಸ್‌ಗುಪ್ತ, ಕಿಶೋರ್ ಗಾವಂಡೆ ಮತ್ತು ದೇವೇಶ್ ಕಪೂರ್ ಇದಕ್ಕೊಂದು ಷರತ್ತು ಸೇರಿಸಿದರು: ಯೋಜನೆಯನ್ನು ಚೆನ್ನಾಗಿ ಜಾರಿ ಮಾಡಬಲ್ಲ ಆಡಳಿತವಿದ್ದ ರಾಜ್ಯಗಳಲ್ಲೇ ಹಿಂಸೆ ಗಣನೀಯವಾಗಿ ತಗ್ಗಿತು. ಗೌರವ್ ಖನ್ನಾ ಮತ್ತು ಲಾರಾ ಜಿಮ್ಮರ್‌ಮನ್ ಇನ್ನೊಂದು ಮುಖ ಕಂಡರು. ಯೋಜನೆ ಬಂದ ಆರಂಭದಲ್ಲಿ ಹಿಂಸೆ ಏರಿತ್ತು. ಜನ ಪೊಲೀಸರಿಗೆ ಮಾಹಿತಿ ಕೊಡತೊಡಗಿದಂತೆ ಕಾರ್ಯಾಚರಣೆ ಹೆಚ್ಚಿ, ಮಾವೋವಾದಿಗಳು ಊರಿನವರ ಮೇಲೆ ಸೇಡು ತೀರಿಸಿಕೊಂಡರು ಎಂಬುದು ಅವರ ವಿವರಣೆ.

ಮಾತುಕತೆ ಸೋಲುವುದೇಕೆ?

ಯುದ್ಧ ಎರಡೂ ಕಡೆಗೆ ನಷ್ಟವೇ. ಹಾಗಿದ್ದರೂ ಮೊದಲೇ ರಾಜಿಯಾಗದೆ ಕಾದಾಡುವುದೇಕೆ? ಫಿಯರಾನ್ 1995ರ ಪ್ರಬಂಧದಲ್ಲಿ ಎರಡು ಮುಖ್ಯ ಉತ್ತರ ಕೊಟ್ಟರು. ಎದುರಾಳಿಯ ಬಲ ಎಷ್ಟು, ಹಟ ಎಷ್ಟು ಎಂಬುದು ತಿಳಿದಿರುವುದಿಲ್ಲ, ತನ್ನ ಬಲವನ್ನು ಹೆಚ್ಚಿಸಿ ಹೇಳುವುದು ಎಲ್ಲರಿಗೂ ಲಾಭ. ಎರಡನೆಯದು ಇನ್ನೂ ಗಂಭೀರ: ಇವತ್ತು ಕೊಟ್ಟ ಮಾತನ್ನು ನಾಳೆ ಬಲಶಾಲಿಯಾದ ಮೇಲೆ ಉಳಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಇರುವುದಿಲ್ಲ. ಅಂತರ್ಯುದ್ಧದಲ್ಲಿ ಇದು ಜೀವದ ಪ್ರಶ್ನೆ. ಒಪ್ಪಂದಕ್ಕೆ ಸಹಿ ಹಾಕಿ ಆಯುಧ ಕೆಳಗಿಟ್ಟ ಬಂಡುಕೋರರಿಗೆ ಆಮೇಲೆ ರಕ್ಷಣೆ ಯಾರದು? ಹೊರಗಿನ ಮೂರನೆಯವರು ಭದ್ರತೆಯ ಹೊಣೆ ಹೊತ್ತಲ್ಲಿ ಒಪ್ಪಂದಗಳು ಉಳಿಯುತ್ತವೆ, ಹೊರದಿದ್ದಲ್ಲಿ ಮುರಿದುಬೀಳುತ್ತವೆ ಎಂದು ಬಾರ್ಬರಾ ವಾಲ್ಟರ್ 1997ರಲ್ಲಿ ತೋರಿಸಿದರು.

ಗುಂಡು ನಿಂತ ಮೇಲೆ

ಗುಂಡಿಗೆ ಬಲಿಯಾದವರ ಸಂಖ್ಯೆ ಯುದ್ಧದ ನಷ್ಟದ ಒಂದು ಭಾಗ ಮಾತ್ರ. ಕಾಂಗೋದಲ್ಲಿ 1998ರಿಂದ 2007ರವರೆಗೆ ಯುದ್ಧದಿಂದಾಗಿ ಸುಮಾರು 54 ಲಕ್ಷ ಹೆಚ್ಚುವರಿ ಸಾವುಗಳಾದವು ಎಂದು ಅಂತರರಾಷ್ಟ್ರೀಯ ರಕ್ಷಣಾ ಸಮಿತಿಯ ಸಮೀಕ್ಷೆಗಳು ಅಂದಾಜಿಸಿದವು. ಯುದ್ಧಕ್ಕೆ ಮೊದಲಿನ ಸಾವಿನ ದರವನ್ನು ತೀರ ಕಡಿಮೆ ಹಿಡಿಯಲಾಗಿದೆ ಎಂದು ಕೆಲವರು ಆ ಸಂಖ್ಯೆಯನ್ನು ಪ್ರಶ್ನಿಸಿದ್ದಾರೆ. ಆದರೆ ಹೆಚ್ಚಿನವರು ಸತ್ತದ್ದು ಮಲೇರಿಯಾ, ಭೇದಿ, ನ್ಯುಮೋನಿಯಾ, ಅಪೌಷ್ಟಿಕತೆಗಳಿಂದ. ಆಸ್ಪತ್ರೆ ಮುಚ್ಚಿ, ಹೊಲ ಪಾಳುಬಿದ್ದು, ಜನ ಕಾಡು ಸೇರಿದಾಗ ಸಾಮಾನ್ಯ ಕಾಯಿಲೆಯೂ ಕೊಲ್ಲುತ್ತದೆ. ಹಝೆಮ್ ಘೋಬಾರಾ, ಪಾಲ್ ಹತ್ ಮತ್ತು ಬ್ರೂಸ್ ರಸೆಟ್ 2003ರಲ್ಲಿ, ಅಂತರ್ಯುದ್ಧ ಮುಗಿದು ವರ್ಷಗಳಾದ ಮೇಲೂ ರೋಗ ಮತ್ತು ಅಂಗವೈಕಲ್ಯ ಜನರನ್ನು ಬಾಧಿಸುತ್ತವೆ, ಹೆಣ್ಣುಮಕ್ಕಳು ಮತ್ತು ಮಕ್ಕಳು ಅದರ ಮುಖ್ಯ ಬಲಿಪಶುಗಳು ಎಂದು ದಾಖಲಿಸಿದರು.

ಮಕ್ಕಳ ಮೈಯಲ್ಲೇ ಯುದ್ಧದ ಗುರುತು ಉಳಿಯುತ್ತದೆ. ಬುರುಂಡಿಯ ಅಧ್ಯಯನವೊಂದರಲ್ಲಿ, ಮಗು ಯುದ್ಧದ ನಡುವೆ ಕಳೆದ ತಿಂಗಳುಗಳು ಹೆಚ್ಚಿದಂತೆಲ್ಲ ವಯಸ್ಸಿಗೆ ತಕ್ಕ ಎತ್ತರ ಕಡಿಮೆಯಾಗುತ್ತ ಹೋದದ್ದು ಕಂಡುಬಂತು. ಅಂತರ್ಯುದ್ಧದಲ್ಲಿರುವ ದೇಶದ ತಲಾ ಆದಾಯ, ಯುದ್ಧವಿಲ್ಲದಿದ್ದರೆ ಇರಬಹುದಾಗಿದ್ದ ಮಟ್ಟಕ್ಕೆ ಹೋಲಿಸಿದರೆ, ವರ್ಷಕ್ಕೆ ಸುಮಾರು ಶೇಕಡಾ 2.2ರಷ್ಟು ಹಿಂದೆ ಬೀಳುತ್ತದೆ ಎಂದು ಕಾಲಿಯರ್ ಅಂದಾಜಿಸಿದ್ದರು. ಬಡತನ ಯುದ್ಧವನ್ನೂ ಯುದ್ಧ ಬಡತನವನ್ನೂ ಹೆರುವ ಈ ಸುಳಿಯಿಂದ ಹೊರಬರುವುದು ಕಷ್ಟ. ಮೊಜಾಂಬಿಕ್‌ನಲ್ಲಿ 1992ರಲ್ಲೇ ಶಾಂತಿ ಒಪ್ಪಂದವಾದರೂ ನೆಲದಲ್ಲಿ ಹೂತಿದ್ದ ಬಾಂಬುಗಳನ್ನೆಲ್ಲ ತೆಗೆದು ದೇಶ ಮುಕ್ತವಾಯಿತೆಂದು ಘೋಷಿಸಿದ್ದು 2015ರಲ್ಲಿ. 2024ರ ಕೊನೆಗೆ ಜಗತ್ತಿನಲ್ಲಿ ಯುದ್ಧ, ಹಿಂಸೆ, ಕಿರುಕುಳಗಳಿಂದ ಮನೆಮಠ ಬಿಟ್ಟವರು ಸುಮಾರು 12.3 ಕೋಟಿ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಲೆಕ್ಕ ಕೊಟ್ಟಿದೆ.

ಒಂದು ಅನಿರೀಕ್ಷಿತ ಸಂಗತಿಯೂ ಇದೆ. ಸಿಯೆರಾ ಲಿಯೋನ್‌ನಲ್ಲಿ ಹೆಚ್ಚು ಹಿಂಸೆ ಉಂಡ ಕುಟುಂಬಗಳು ಯುದ್ಧಾನಂತರ ಊರಿನ ಸಭೆಗಳಿಗೆ ಬರುವುದರಲ್ಲಿ, ಮತ ಹಾಕುವುದರಲ್ಲಿ ಉಳಿದವರಿಗಿಂತ ಮುಂದಿದ್ದವು. ಉಗಾಂಡಾದಲ್ಲಿ ಬಂಡುಕೋರರು ಅಪಹರಿಸಿದ್ದ ಯುವಕರಲ್ಲೂ ಇಂಥದ್ದೇ ಪ್ರವೃತ್ತಿ ಕಂಡಿತು. ಆದರೆ ಈ ಸಹಕಾರ ಹೆಚ್ಚಾಗಿ ತಮ್ಮವರ ಜೊತೆಗೇ ಸೀಮಿತವಾಗಿರುವ ಸಾಧ್ಯತೆಯನ್ನೂ ಸಂಶೋಧಕರು ಗುರುತಿಸಿದ್ದಾರೆ.

ತಡೆಯಲು ಸಾಧ್ಯವೇ?

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗಳು ನಿಷ್ಪ್ರಯೋಜಕ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಪೇಜ್ ಫೋರ್ಟ್ನಾ 2008ರ ತಮ್ಮ ಗ್ರಂಥದಲ್ಲಿ ಪಡೆಗಳು ಹೋದ ದೇಶಗಳನ್ನೂ ಹೋಗದ ದೇಶಗಳನ್ನೂ ಹೋಲಿಸಿದರು. ಪಡೆಗಳು ಹೋಗುವುದು ಹೆಚ್ಚಾಗಿ ಕಠಿಣ ಪ್ರಕರಣಗಳಿಗೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಯುದ್ಧ ಮರುಕಳಿಸುವ ಅಪಾಯವನ್ನು ಅವು ಸ್ಪಷ್ಟವಾಗಿ ತಗ್ಗಿಸುತ್ತವೆ. ಈ ಕೆಲಸದಲ್ಲಿ ಭಾರತದ ಪಾಲು ದೊಡ್ಡದು. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ 1964ರಿಂದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದರು, 1965ರ ಡಿಸೆಂಬರಿನಲ್ಲಿ ಕರ್ತವ್ಯದಲ್ಲಿರುವಾಗಲೇ ಅಲ್ಲಿ ನಿಧನರಾದರು.

ಯಾವ ಊರಿನಲ್ಲಿ ಯಾವ ದಿನ ಯುದ್ಧ ಹೊತ್ತಿಕೊಳ್ಳುತ್ತದೆ ಎಂದು ಈ ಸಂಶೋಧನೆ ಭವಿಷ್ಯ ನುಡಿಯಲಾರದು. ಅಪಾಯ ಎಲ್ಲಿ ಹೆಚ್ಚು, ಯಾವುದರಿಂದ ತಗ್ಗುತ್ತದೆ ಎಂದು ಹೇಳಬಲ್ಲದು. ಬರಗಾಲದಲ್ಲಿ ಕೂಲಿ ಸಿಗುವಂತೆ ನೋಡಿಕೊಳ್ಳುವುದು, ಯಾವ ಸಮುದಾಯವನ್ನೂ ಆಡಳಿತದಿಂದ ಹೊರಗಿಡದಿರುವುದು, ಆಯುಧ ಕೆಳಗಿಟ್ಟವರಿಗೆ ನಂಬಬಹುದಾದ ಭದ್ರತೆ ಒದಗಿಸುವುದು, ಇವು ಮೂರೂ ಸರ್ಕಾರಗಳ ಕೈಯಲ್ಲಿರುವ ಕೆಲಸಗಳು. ಯುದ್ಧವನ್ನು ಹಣೆಬರಹ ಎಂದೋ ಹುಟ್ಟುದ್ವೇಷ ಎಂದೋ ಕೈಚೆಲ್ಲುವುದಕ್ಕೆ ಈ ನೂರು ವರ್ಷದ ಅಧ್ಯಯನದಲ್ಲಿ ಆಧಾರವಿಲ್ಲ.